ಕೈದೀಪವೂ ಮರುಪೂರಣದ ಸೆಲ್ಲೂ



ಕೋಲಾರದ ಕಡೆಯ ಹಳ್ಳಿಗಳಲ್ಲಿ ಕೈಯಲ್ಲಿ ಹಿಡಿದು ನಡೆಯುವ ವಿದ್ಯುದ್ದೀಪಕ್ಕೆ ‘ಬ್ಯಾಟರಿ’ ಎಂದು ಹೆಸರು. ಅದರ ಹೊಟ್ಟೆಯೊಳಗೆ ಕೂಡಿಸುವ ಕೋಶಕ್ಕೆ ‘ಸೆಲ್ಲು’ ಎಂದು ಹೆಸರು. ಪೇಟೆಯವರು ದೀಪವನ್ನು ಟಾರ್ಚು ಎಂದೂ ಕೋಶವನ್ನು ಬ್ಯಾಟರಿ ಎಂದೂ ಕರೆಯುವುದರಿಂದ, ಅಂಗಡಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬೇರೆಯಾಗಿ ಕೇಳುವುದುಂಟು. ಈ ಭಾಷಣದ ಮಟ್ಟಿಗೆ ದೀಪವನ್ನು ಟಾರ್ಚು ಎಂದೂ ಅದರೊಳಗಣ ಕೋಶವನ್ನು ಸೆಲ್ಲು ಎಂದೂ ಕರೆಯೋಣ. ಒಮ್ಮೆ ಬರಿದಾದೊಡನೆ ಬಿಸುಡಬೇಕಾದ ಸೆಲ್ಲಿಗೆ ಬದಲಾಗಿ, ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಿ ಬಳಸಬಹುದಾದ ಸೆಲ್ಲನ್ನು ಸಣ್ಣ ಟಾರ್ಚಿಗೆ ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ವಿಷಯವು ಅಲ್ಪವೆಂದು ತೋರಬಹುದು. ಬೀದಿಗೊಂದು, ಬಾಗಿಲಿಗೊಂದು, ಮಹಡಿಯ ಮೆಟ್ಟಲಿಗೊಂದು ದೀಪವಿರುವ ನಗರವಾಸಿಗಳಿಗೆ ಟಾರ್ಚು ಎಂಬುದು ವಿದ್ಯುತ್ತು ಹೋದ ಅರ್ಧ ಗಂಟೆಯ ನೆಂಟ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಅದು ಬೇಸಾಯದ ಸಾಮಾನುಗಳಲ್ಲಿ ಒಂದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ನಾಡು ಅದು. ಪೈರಿಗೆ ನೀರು ಬಹುಮಟ್ಟಿಗೆ ಕೊಳವೆಬಾವಿಯಿಂದ ಬರಬೇಕು, ಕೊಳವೆಬಾವಿಯ ಮೋಟಾರಿಗೆ ವಿದ್ಯುತ್ತು ಸರದಿಯಂತೆ ಬರಬೇಕು. ಸರದಿ ರಾತ್ರಿಗೆ ಬಿದ್ದಾಗ ಮುಳಬಾಗಿಲಿನ ಟೊಮೇಟೊ ಬೆಳೆಗಾರನು ಕತ್ತಲೆಯಲ್ಲಿಯೇ ಬದುವಿನ ಮೇಲೆ ನಡೆದು ಹೋಗಿ ಮೋಟಾರು ಹಾಕಬೇಕು. ಶ್ರೀನಿವಾಸಪುರದಲ್ಲಿ ಮಾವು ಬಲಿಯುವ ಕಾಲಕ್ಕೆ ತೋಪಿನಲ್ಲಿ ರಾತ್ರಿಯ ಕಾವಲು ಬೀಳುತ್ತದೆ. ಮಾಲೂರಿನ ಹಳ್ಳಿಗಳಲ್ಲಿ ನಸುಕಿಗೆ ಮುಂಚೆಯೇ ಕೊಟ್ಟಿಗೆಗೆ ಹೋಗಿ ಹಾಲು ಕರೆದು ಡೈರಿಗೆ ಮುಟ್ಟಿಸಬೇಕು. ಕೋಲಾರದ ಸುತ್ತಲಿನ ರೇಷ್ಮೆ ಸಾಕಣೆಯ ಮನೆಗಳಲ್ಲಿ ಹುಳುವಿಗೆ ರಾತ್ರಿಯ ಸೊಪ್ಪನ್ನು ಹಾಕಬೇಕು. ಈ ಎಲ್ಲ ಕೆಲಸಗಳಲ್ಲಿಯೂ ಕಾಲಿಗೆ ಮುಂದಾಗಿ ಹೋಗಬೇಕಾದದ್ದು ಬೆಳಕು.

ಬೆಳಕು ಹೋಗದಿದ್ದರೆ ಏನಾಗುತ್ತದೆಂಬುದನ್ನು ಹೇಳಬೇಕಾದ ಅಗತ್ಯವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕೂ ನಮ್ಮ ದೇಶದಲ್ಲಿ ಮನುಷ್ಯರಿಗೆ ಹೆಚ್ಚಿನ ಕೇಡನ್ನು ಮಾಡುವ ಹಾವುಗಳು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ. ಅವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರವು 2024ರಲ್ಲಿ, ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಕಡಿತವಾದ ಮೇಲಿನ ಚಿಕಿತ್ಸೆಯ ಮಾತು ಅದು. ಕಡಿತವಾಗದಂತೆ ನೋಡಿಕೊಳ್ಳುವ ಉಪಾಯಗಳಲ್ಲಿ, ಕಾಲಿಗೆ ಜೋಡೂ ಕೈಗೆ ದೀಪವೂ ಎಂಬವೆರಡೇ ಮೊದಲಿನವು.

ಈಗ ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಫೋನು ಇದೆ, ಅದರಲ್ಲಿಯೇ ದೀಪವಿದೆ, ಟಾರ್ಚೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಯುಕ್ತವಾದದ್ದೇ. ಆದರೆ ಫೋನಿನ ಬೆಳಕು ಕಾಲಬುಡದಲ್ಲಿ ಹರಡಿಕೊಳ್ಳುವುದೇ ಹೊರತು ಹತ್ತು ಮಾರು ಮುಂದಕ್ಕೆ ನೆಟ್ಟಗೆ ಹೋಗುವುದಿಲ್ಲ. ಕೆಸರು ಕೈಯಲ್ಲಿ ಅದನ್ನು ಹಿಡಿಯುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಆಪತ್ತು ಒದಗಿದಾಗ 108ಕ್ಕೆ ಕರೆ ಮಾಡಬೇಕಾದದ್ದು ಅದೇ ಫೋನು. ದಾರಿ ನೋಡುವುದಕ್ಕಾಗಿ ಅದರ ಶಕ್ತಿಯನ್ನು ವ್ಯಯಮಾಡಿ, ಕೂಗಬೇಕಾದ ಹೊತ್ತಿಗೆ ಮೂಕವಾಗಿಸುವುದು ವಿವೇಕವಲ್ಲ.

ಬರಿದಾದುದನ್ನು ಮತ್ತೆ ತುಂಬಿಕೊಂಡು ಉರಿಯುವ ದೀಪವು ಕೋಲಾರ ಸೀಮೆಗೆ ಹೊಸದೇನಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬರುವುದಕ್ಕೆ ಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ಜಲಪಾತದಿಂದ 90 ಮೈಲಿಗೂ ಹೆಚ್ಚು ದೂರ ತಂತಿಯನ್ನೆಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದರು. ಆ ಶಕ್ತಿಯು ಯಂತ್ರಗಳನ್ನು ತಿರುಗಿಸಿತು. ಆದರೆ ನೆಲದೊಳಗೆ, ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ, ಬಂಡೆಯ ಎದುರು ನಿಂತ ಕೆಲಸಗಾರನಿಗೆ ತಂತಿಯ ದೀಪ ಸಾಲದು. ಅವನು ತನ್ನ ಬೆಳಕನ್ನು ತಾನೇ ಹೊತ್ತುಕೊಂಡು ಹೋಗಬೇಕು. ಮೇಣದ ಬತ್ತಿ, ಕಾರ್ಬೈಡು ದೀಪ ಮೊದಲಾದವುಗಳ ಕಾಲ ಕಳೆದ ತರುವಾಯ ಗಣಿಗಾರನ ಶಿರಸ್ತ್ರಾಣದ ಮೇಲೆ ವಿದ್ಯುದ್ದೀಪವೂ, ಸೊಂಟದ ಪಟ್ಟಿಯಲ್ಲಿ ಅದಕ್ಕೆ ಬೇಕಾದ ಮರುಪೂರಣದ ಬ್ಯಾಟರಿಯೂ ಬಂದವು.

ಗಣಿಗಳಲ್ಲಿ ಇಂಥ ದೀಪಗಳಿಗಾಗಿ ‘ದೀಪದ ಕೋಣೆ’ ಎಂಬುದೊಂದು ಇರುತ್ತದೆ. ಅಲ್ಲಿ ಪ್ರತಿಯೊಂದು ದೀಪಕ್ಕೂ ಒಂದು ಸಂಖ್ಯೆ. ಪ್ರತಿಯೊಂದಕ್ಕೂ ಗೊತ್ತಾದ ಒಂದು ಜಾಗ. ಪಾಳಿ ಆರಂಭವಾಗುವಾಗ ಕೆಲಸಗಾರನು ತನ್ನ ದೀಪವನ್ನು ತೆಗೆದುಕೊಂಡು ಇಳಿಯುತ್ತಾನೆ. ಪಾಳಿ ಮುಗಿದು ಮೇಲಕ್ಕೆ ಬಂದೊಡನೆ ಮನೆಗೆ ಹೋಗುವ ಮುನ್ನ ಅಲ್ಲಿಯೇ ಒಪ್ಪಿಸುತ್ತಾನೆ. ಮರುಕ್ಷಣವೇ ಅದು ವಿದ್ಯುತ್ತು ತುಂಬುವ ಚೌಕಟ್ಟಿಗೆ ಸೇರುತ್ತದೆ. ಒಂದು ಗೂಡು ಖಾಲಿ ಉಳಿದಿದ್ದರೆ, ಆ ಸಂಖ್ಯೆಯ ಮನುಷ್ಯ ಇನ್ನೂ ನೆಲದೊಳಗಿದ್ದಾನೆಂದು ಮೇಲಿನವರಿಗೆ ತಿಳಿಯುತ್ತದೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಮುಚ್ಚಿದರೂ ದೀಪದ ಕೋಣೆಯ ಪಾಠ ಉಳಿದಿದೆ: ಮರುಪೂರಣದ ದೀಪವನ್ನು ನಂಬಿಕೆಗೆ ಅರ್ಹವಾಗಿಸಿದ್ದು ಸೆಲ್ಲಿನ ರಸಾಯನವೊಂದೇ ಅಲ್ಲ, ಅದನ್ನು ತಪ್ಪದೆ ತುಂಬಿಡುತ್ತಿದ್ದ ಏರ್ಪಾಡು. ಮನೆಗೆ ಮರುಪೂರಣದ ಸೆಲ್ಲನ್ನು ತಂದವರಲ್ಲಿ ಅನೇಕರು ಏರ್ಪಾಡನ್ನು ತರುವುದಿಲ್ಲ. ‘ಇದು ನಮ್ಮ ಟಾರ್ಚಿಗೆ ಒಗ್ಗಲಿಲ್ಲ’ ಎಂದು ಮತ್ತೆ ಹಳೆಯ ಸೆಲ್ಲಿಗೇ ಹೋಗುತ್ತಾರೆ.

ಒಗ್ಗದಿರುವುದಕ್ಕೆ ನಿಜವಾದ ಕಾರಣಗಳೂ ಉಂಟು. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ವೋಲ್ಟಿನ ಪ್ರಶ್ನೆ. ಸಾಧಾರಣ ಒಣಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಈಗ ಹೆಚ್ಚಾಗಿ ದೊರೆಯುವ ಮರುಪೂರಣದ ಸೆಲ್ಲು ನಿಕ್ಕಲ್ ಮತ್ತು ಲೋಹದ ಹೈಡ್ರೈಡಿನಿಂದ ಆದದ್ದು. ಅದರ ಮೇಲೆ 1.2 ವೋಲ್ಟ್ ಎಂದಿರುತ್ತದೆ. ಎರಡು ಸೆಲ್ಲಿನ ಟಾರ್ಚಿಗೆ ಮೂರು ವೋಲ್ಟು ಬೇಕಾಗಿದ್ದಲ್ಲಿ 2.4 ವೋಲ್ಟು ಮಾತ್ರ ದೊರೆತರೆ ದೀಪ ಮಂಕಾಗದೆ ಇದ್ದೀತೆ, ಎಂದು ಕೇಳುವವರಿದ್ದಾರೆ. ಲೆಕ್ಕ ಸರಿ, ಆದರೆ ಸೆಲ್ಲಿನ ನಡತೆ ಆ ಲೆಕ್ಕದಂತಿಲ್ಲ. ಒಣಸೆಲ್ಲನ್ನು ತೂಬು ತೆಗೆದ ಕೆರೆಗೆ ಹೋಲಿಸಬಹುದು. ತೂಬು ಎತ್ತಿದ ಕ್ಷಣದಿಂದ ನೀರಿನ ಮಟ್ಟ ಇಳಿಯತೊಡಗುವ ಹಾಗೆ, ಹೊಸದಾಗಿದ್ದಾಗ 1.5 ಇದ್ದ ವೋಲ್ಟು ದೀಪ ಹೊತ್ತಿಸಿದೊಡನೆ ತಗ್ಗಿ, ಬರಬರುತ್ತ 1.3, 1.2, 1.1 ಎಂದು ಇಳಿದು, ಸುಮಾರು 0.9ಕ್ಕೆ ಬರುವ ವೇಳೆಗೆ ಸೆಲ್ಲು ಬರಿದಾಯಿತೆನ್ನುತ್ತೇವೆ. ಮರುಪೂರಣದ ಸೆಲ್ಲಾದರೋ ತನ್ನ ಆಯುಷ್ಯದ ಹೆಚ್ಚು ಭಾಗವನ್ನು 1.2ರ ಆಸುಪಾಸಿನಲ್ಲಿಯೇ ಕಳೆಯುತ್ತದೆ. ಆದುದರಿಂದ ಆರಂಭದಲ್ಲಿ ಹೊಸ ಒಣಸೆಲ್ಲು ಮುಂದಿದ್ದರೂ ನಡುದಾರಿಯಲ್ಲಿ ಎರಡೂ ಸಮನಾಗಿ, ಆಮೇಲೆ ಮರುಪೂರಣದ್ದೇ ಮುಂದಾಗುತ್ತದೆ.

ಟಾರ್ಚು ತಯಾರಿಸಿದವರಿಗೆ ಈ ಸಂಗತಿ ಮೊದಲಿನಿಂದಲೂ ತಿಳಿದಿತ್ತು. ತಂತಿಯುಳ್ಳ ಹಳೆಯ ಬಗೆಯ ಬಲ್ಬಿನ ಕುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡಿ: ಎರಡು ಸೆಲ್ಲಿನ ಟಾರ್ಚಿನದಾದರೆ 2.5 ವೋಲ್ಟ್, 0.3 ಆಂಪಿಯರ್ ಎಂದೂ, ಮೂರು ಸೆಲ್ಲಿನದಾದರೆ 3.8 ವೋಲ್ಟ್ ಎಂದೂ ಸಾಮಾನ್ಯವಾಗಿ ಕೊರೆದಿರುತ್ತದೆ. ಮೂರು ವೋಲ್ಟು, ನಾಲ್ಕೂವರೆ ವೋಲ್ಟು ಎಂದು ಕೊರೆದಿರುವುದಿಲ್ಲ. ಅಂದರೆ ಇಂಥ ಟಾರ್ಚಿಗೆ ಮರುಪೂರಣದ ಸೆಲ್ಲು ಯಾವ ಬದಲಾವಣೆಯೂ ಇಲ್ಲದೆ ಹೊಂದಿಕೊಳ್ಳುತ್ತದೆ.

ನಿಜವಾದ ತೊಡಕು ಈಚಿನ ಎಲ್‌ಇಡಿ ದೀಪದಲ್ಲಿದೆ. ಜಪಾನಿನಲ್ಲಿ ನೀಲಿ ಬೆಳಕಿನ ಡಯೋಡನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಾಮುರ ಎಂಬ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆತದ್ದನ್ನು ತಾವು ಬಲ್ಲಿರಿ. ಆ ನೀಲಿಯಿಂದಲೇ ಇಂದಿನ ಬಿಳಿಯ ಎಲ್‌ಇಡಿ ಹುಟ್ಟಿತು. ಅಲ್ಪ ವಿದ್ಯುತ್ತಿಗೆ ಅಧಿಕ ಬೆಳಕನ್ನು ಕೊಡುವುದು ಅದರ ಗುಣ. ಆದರೆ ಸುಮಾರು ಮೂರು ವೋಲ್ಟು ದೊರೆಯುವವರೆಗೆ ಅದು ಚೆನ್ನಾಗಿ ಕಣ್ಣು ಬಿಡುವುದಿಲ್ಲ. ತಂತಿಯ ಬಲ್ಬು ವೋಲ್ಟು ಕಡಿಮೆಯಾದರೆ ಕೆಂಪಗಾದರೂ ಉರಿಯುತ್ತದೆ. ಎಲ್‌ಇಡಿಗೆ ಆ ದಾಕ್ಷಿಣ್ಯವಿಲ್ಲ. ಎರಡೇ ಸೆಲ್ಲನ್ನು ನೇರವಾಗಿ ಎಲ್‌ಇಡಿಗೆ ಜೋಡಿಸಿದ ಅಗ್ಗದ ಟಾರ್ಚಿನಲ್ಲಿ 2.4 ವೋಲ್ಟು ಹಾಕಿದರೆ ಮಿಣುಕು ಬೆಳಕು ಕಂಡರೆ ಹೆಚ್ಚು. ಇಂಥದಕ್ಕೆ ಮರುಪೂರಣದ ಸೆಲ್ಲು ಹೊಂದುವುದಿಲ್ಲವೆಂದು ಒಪ್ಪಿಕೊಳ್ಳುವುದೇ ಲೇಸು. ಮೂರು ಸೆಲ್ಲಿನ ಎಲ್‌ಇಡಿ ಟಾರ್ಚಾದರೆ 3.6 ವೋಲ್ಟು ಸಿಕ್ಕಿ ತಕ್ಕಷ್ಟು ಬೆಳಗುತ್ತದೆ. ಒಂದು ಅಥವಾ ಎರಡು ಸೆಲ್ಲಿನಿಂದಲೇ ವೋಲ್ಟನ್ನು ಮೇಲಕ್ಕೆತ್ತಿ ಕೊಡುವ ಸಣ್ಣ ವಿದ್ಯುನ್ಮಂಡಲವನ್ನು ಒಳಗಿಟ್ಟಿರುವ ಟಾರ್ಚುಗಳೂ ಉಂಟು. ಅವು ಮರುಪೂರಣದ ಸೆಲ್ಲಿಗೆ ಹೇಳಿ ಮಾಡಿಸಿದಂತಿವೆ. ಕೊಳ್ಳುವ ಮುನ್ನ ಸೆಲ್ಲನ್ನು ಜೊತೆಗೆ ಒಯ್ದು, ಅಂಗಡಿಯಲ್ಲಿಯೇ ಹಾಕಿ ಹೊತ್ತಿಸಿ ನೋಡುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ.

ಎರಡನೆಯದು ಮುಟ್ಟುವಿಕೆಯ ಪ್ರಶ್ನೆ. ಸೆಲ್ಲು ತುಂಬಿದೆ, ಬಲ್ಬು ಸರಿಯಾಗಿದೆ, ಆದರೂ ದೀಪ ಹತ್ತದು. ಕೆಲವು ಮರುಪೂರಣದ ಸೆಲ್ಲುಗಳ ತಲೆಯ ಮೊಟ್ಟು ಒಣಸೆಲ್ಲಿನದಕ್ಕಿಂತ ಗಿಡ್ಡ, ಮೈ ಎಳೆಯಷ್ಟು ದಪ್ಪ. ಮೊಟ್ಟು ಎದುರಿನ ತಗಡನ್ನು ಮುಟ್ಟದಿದ್ದರೆ ಕೂದಲೆಳೆಯಷ್ಟು ಸಂದಾದರೂ ಸಾಕು, ವಿದ್ಯುತ್ತು ದಾಟುವುದಿಲ್ಲ. ಬುಡದ ಸುರುಳಿಯನ್ನು ಮೆಲ್ಲಗೆ ಎಳೆದು ಉದ್ದ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ. ಹಿಂದೆ ಒಣಸೆಲ್ಲು ಸೋರಿ ಬಿಳಿಯ ಅಥವಾ ಹಸಿರು ಹಕ್ಕಳೆ ಕಟ್ಟಿದ್ದರೆ, ನಿಂಬೆರಸದಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಉಜ್ಜಿ, ಒದ್ದೆಯಿಲ್ಲದಂತೆ ಒರೆಸಿ ಒಣಗಿಸಬೇಕು. ಲೋಹದ ಕೊಳವೆಯ ಟಾರ್ಚಿನಲ್ಲಿ ಕೊಳವೆಯ ಮೈಯೇ ವಿದ್ಯುತ್ತು ಹಿಂದಿರುಗುವ ದಾರಿ. ಆದುದರಿಂದ ಹಿಂಬದಿಯ ಮುಚ್ಚಳದ ಮರೆಗಳಲ್ಲಿ ಕೊಳೆಯಿದ್ದರೂ ದೀಪ ಕಣ್ಣುಮುಚ್ಚಾಲೆಯಾಡುತ್ತದೆ. ದೊಡ್ಡ ಸೆಲ್ಲಿನ ಹಳೆಯ ಟಾರ್ಚಿಗೆ, ಗೋಡೆ ಗಡಿಯಾರಕ್ಕೆ ಹಾಕುವಂಥ ಸಣ್ಣ ಸೆಲ್ಲನ್ನು ಪ್ಲಾಸ್ಟಿಕ್ಕಿನ ಹೊರಗವಸಿನಲ್ಲಿಟ್ಟು ಬಳಸಬಹುದು.

ಮೂರನೆಯದು ತುಂಬುವ ಕ್ರಮ. ಸೆಲ್ಲಿನ ಮೇಲೆ 2000 ಮಿಲಿ ಆಂಪಿಯರ್ ಗಂಟೆ ಎಂದಿದ್ದರೆ, ಮೇಲೆ ಹೇಳಿದ 0.3 ಆಂಪಿಯರಿನ ಬಲ್ಬನ್ನು ಅದು ಆರು ಗಂಟೆಗೂ ಮೇಲೆ ಉರಿಸಬಲ್ಲದು. ಅದನ್ನು 200 ಮಿಲಿ ಆಂಪಿಯರಿನ ನಿಧಾನವಾದ ಚಾರ್ಜರಿನಲ್ಲಿ ತುಂಬಲು ಹತ್ತು ಗಂಟೆ ಸಾಲದು. ನಡುವೆ ಆಗುವ ನಷ್ಟವನ್ನು ಸೇರಿಸಿ 14ರಿಂದ 16 ಗಂಟೆ ಹಿಡಿಯುತ್ತದೆ. ಚಾರ್ಜರುಗಳಲ್ಲಿ ಮೂರು ತೆರ. ಕೆಲವು ತಾವಾಗಿ ನಿಲ್ಲುವುದೇ ಇಲ್ಲ. ಕೆಲವು ಗೊತ್ತಾದ ಗಂಟೆಗಳನ್ನೆಣಿಸಿ ನಿಲ್ಲುತ್ತವೆ. ಕೆಲವು ಸೆಲ್ಲು ತುಂಬಿತೆಂಬುದನ್ನು ಅದರ ವೋಲ್ಟಿನ ಸೂಕ್ಷ್ಮ ಬದಲಾವಣೆಯಿಂದಲೇ ಅರಿತು ನಿಲ್ಲುತ್ತವೆ. ಗಂಟೆಯನ್ನೆಣಿಸುವ ಚಾರ್ಜರು ನಮ್ಮ ಹಳ್ಳಿಗಳಿಗೆ ಒಳ್ಳೆಯದಲ್ಲ. ನಡುವೆ ವಿದ್ಯುತ್ತು ಹೋಗಿ ಬಂದರೆ ಅಂಥದು ಸಾಮಾನ್ಯವಾಗಿ ಎಣಿಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ದಿನಕ್ಕೆ ಮೂರು ಬಾರಿ ವಿದ್ಯುತ್ತು ಹೋದರೆ ತುಂಬಿದ ಕೊಡಕ್ಕೇ ನೀರು ಹೊಯ್ದಂತೆ ಆಗಿ, ಸೆಲ್ಲು ಕಾದು ಕೆಡುತ್ತದೆ. ಸ್ವಲ್ಪ ಹೆಚ್ಚು ಬೆಲೆಯಾದರೂ ತುಂಬಿದ್ದನ್ನು ಅರಿತು ನಿಲ್ಲುವ ಚಾರ್ಜರನ್ನೇ ಕೊಳ್ಳಬೇಕು.

ಇಲ್ಲಿ ಕೆಲವು ನಿಷೇಧಗಳನ್ನು ಹೇಳಬೇಕು. ಒಣಸೆಲ್ಲನ್ನು ಚಾರ್ಜರಿಗೆ ಹಾಕಬಾರದು. ಅದು ಸೋರಬಹುದು, ಸಿಡಿಯಲೂಬಹುದು. ಹೊಸ ಸೆಲ್ಲಿನೊಡನೆ ಹಳೆಯದನ್ನೂ, ತುಂಬಿದ್ದರೊಡನೆ ಅರೆತುಂಬಿದ್ದನ್ನೂ ಕೂಡಿಸಬಾರದು. ಬಡವಾದ ಸೆಲ್ಲು ಮೊದಲು ಬರಿದಾಗಿ, ಉಳಿದದ್ದು ಅದರೊಳಕ್ಕೆ ವಿದ್ಯುತ್ತನ್ನು ತಲೆಕೆಳಗಾಗಿ ನುಗ್ಗಿಸಿ ಅದನ್ನು ಕೊಲ್ಲುತ್ತದೆ. ಸಣ್ಣ ಸೆಲ್ಲಿನ ಅಳತೆಯಲ್ಲಿಯೇ 3.7 ವೋಲ್ಟಿನ ಲಿಥಿಯಮ್ ಸೆಲ್ಲೂ ದೊರೆಯುತ್ತದೆ. ಅಳತೆ ಹೊಂದಿತೆಂದು ಅದನ್ನು ಸಾಧಾರಣ ಟಾರ್ಚಿಗೆ ಹಾಕಿದರೆ ಬಲ್ಬು ಸುಟ್ಟುಹೋಗುತ್ತದೆ. ನಿಕ್ಕಲ್ ಸೆಲ್ಲಿನ ಚಾರ್ಜರಿಗೆ ಹಾಕಿದರೆ ಬೆಂಕಿ ಹತ್ತುವ ಅಪಾಯವುಂಟು. ಹಾಗೆಯೇ ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ, ಒಳಗೇ ಸೀಸದ ಬ್ಯಾಟರಿಯುಳ್ಳ ಟಾರ್ಚುಗಳನ್ನು ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಆ ಬ್ಯಾಟರಿ ಮತ್ತೆ ಜೀವ ಹಿಡಿಯುವುದಿಲ್ಲ. ಬಿಡಿ ಸೆಲ್ಲಿನ ಟಾರ್ಚಿಗೆ ಆ ಭಯವಿಲ್ಲ. ಕೆಟ್ಟದ್ದು ಸೆಲ್ಲಾದರೆ ಸೆಲ್ಲನ್ನು ಮಾತ್ರ ಬದಲಿಸಿದರಾಯಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮರುಪೂರಣದ ಸೆಲ್ಲು ಕಡೆಯವರೆಗೂ ಒಂದೇ ಸಮನೆ ಬೆಳಕು ಕೊಡುತ್ತದೆಂದು ಹೇಳಿದೆನಷ್ಟೆ. ಆ ಗುಣವೇ ಅದರ ಅಪಾಯ. ಒಣಸೆಲ್ಲು ಮುಗಿಯುವ ಮುನ್ನ ಹಲವು ರಾತ್ರಿಗಳ ಕಾಲ ಮಂಕಾಗುತ್ತ, ‘ನನ್ನ ಕಾಲ ಮುಗಿಯಿತು, ಬೇರೊಂದನ್ನು ತಾ’ ಎಂದು ಎಚ್ಚರಿಸುತ್ತದೆ. ಮರುಪೂರಣದ್ದು ಹಾಗೆ ಎಚ್ಚರಿಸದು. ಚೆನ್ನಾಗಿ ಉರಿಯುತ್ತಿದ್ದ ದೀಪ ಕೆಲವೇ ನಿಮಿಷಗಳಲ್ಲಿ ಇಳಿದು ಆರಿಹೋಗುತ್ತದೆ. ಅಂಗಳದಲ್ಲಿ ಆರಿದರೆ ನಗಬಹುದು. ಊರಿನಿಂದ ಒಂದು ಮೈಲಿ ದೂರದ ಬಾವಿಯ ಬಳಿ ಆರಿದರೆ ನಗುವಂತಿಲ್ಲ. ಇದರ ಮೇಲೆ ಇನ್ನೊಂದು ಕುಂದು: ಹಳೆಯ ಬಗೆಯ ನಿಕ್ಕಲ್–ಹೈಡ್ರೈಡ್ ಸೆಲ್ಲು ಬಳಸದೆ ಸುಮ್ಮನೆ ಇಟ್ಟರೂ ತಿಂಗಳಿಗೆ ಐದರಲ್ಲೊಂದು ಪಾಲಿನಷ್ಟೋ ಅದಕ್ಕೂ ಹೆಚ್ಚಾಗಿಯೋ ತನ್ನಷ್ಟಕ್ಕೆ ಬರಿದಾಗುತ್ತದೆ. ಯುಗಾದಿಗೆ ತುಂಬಿ ಪೆಟ್ಟಿಗೆಯಲ್ಲಿಟ್ಟ ಸೆಲ್ಲು ಗೌರಿಹಬ್ಬಕ್ಕೆ ಕೈಕೊಡುವುದು ಈ ಕಾರಣದಿಂದ. 2005ರಲ್ಲಿ ಜಪಾನಿನ ಸಾನ್ಯೋ ಸಂಸ್ಥೆಯವರು ಎನೆಲೂಪ್ ಎಂಬ ಹೆಸರಿನಲ್ಲಿ, ವರ್ಷವಿಟ್ಟರೂ ಬಹುಪಾಲು ಶಕ್ತಿಯನ್ನು ಉಳಿಸಿಕೊಳ್ಳುವ ಬಗೆಯನ್ನು ಹೊರತಂದರು; ಅಂಥ ಸೆಲ್ಲನ್ನು ಈಗ ಬೇರೆ ಸಂಸ್ಥೆಗಳೂ ಮಾಡುತ್ತಿವೆ. ಟಾರ್ಚಿಗೆ ಕೊಳ್ಳಬೇಕಾದದ್ದು ಈ ಬಗೆಯದನ್ನೇ.

ಆದರೆ ಎಂಥ ಸೆಲ್ಲಾದರೂ ಏರ್ಪಾಡಿನ ಕೆಲಸವನ್ನು ತಾನು ಮಾಡಲಾರದು. ಗಣಿಯವರ ದೀಪದ ಕೋಣೆಯನ್ನು ಮನೆಯ ಗೂಡಿಗೆ ಇಳಿಸಿಕೊಳ್ಳಬೇಕು. ಅದು ಕಷ್ಟವೇನಲ್ಲ. ಎರಡು ಸೆಲ್ಲಿನ ಟಾರ್ಚಿಗೆ ನಾಲ್ಕು ಸೆಲ್ಲುಗಳನ್ನು ತಂದು, ಒಂದು ಜೋಡಿಗೆ ‘ಅ’ ಎಂದೂ ಇನ್ನೊಂದಕ್ಕೆ ‘ಆ’ ಎಂದೂ ಗುರುತು ಬರೆಯಿರಿ. ಜೋಡಿಯನ್ನು ಎಂದೂ ಅಗಲಿಸಬೇಡಿ. ಒಂದು ಜೋಡಿ ಟಾರ್ಚಿನಲ್ಲಿ, ಇನ್ನೊಂದು ತುಂಬಿಕೊಂಡು ಗೂಡಿನಲ್ಲಿ. ವಾರದ ಸಂತೆಯ ದಿನ, ಬೆಳಕು ಇನ್ನೂ ಚೆನ್ನಾಗಿದ್ದರೂ ಸರಿಯೆ, ಜೋಡಿಯನ್ನು ಬದಲಿಸಿ ಹಳೆಯದನ್ನು ಚಾರ್ಜರಿಗೆ ಹಾಕಬೇಕು. ರಾತ್ರಿಗೆ ಅರ್ಧ ಗಂಟೆಯಂತೆ ಉರಿಸಿದರೆ ವಾರಕ್ಕೆ ಮೂರೂವರೆ ಗಂಟೆ. ಆರು ಗಂಟೆಯ ಸೆಲ್ಲಿಗೆ ಇದು ಹೊರೆಯಲ್ಲ. ದೂರದ ಹೊಲಕ್ಕೆ ಹೋಗುವವರು ಗೂಡಿನ ಜೋಡಿಯನ್ನು ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಳ್ಳಲಿ. ಬರಿಯ ಜೇಬಿಗೆ ಹಾಕಿದರೆ ಬೀಗದ ಕೈ, ಚಿಲ್ಲರೆ ಕಾಸು ತಗುಲಿ ಸೆಲ್ಲು ಕಾಯುತ್ತದೆ. ದೀಪ ತಟ್ಟನೆ ಮಂಕಾದ ಕೂಡಲೆ ಆರಿಸಿ ಜೋಡಿಯನ್ನು ಬದಲಿಸಬೇಕು.

ಹೀಗೆ ಬಳಸಿದ ಸೆಲ್ಲು ಹಲವು ನೂರು ಬಾರಿ ತುಂಬಿ ಬರಿದಾಗಬಲ್ಲದು. ವಾರಕ್ಕೊಮ್ಮೆಯ ಲೆಕ್ಕದಲ್ಲಿ ಅದು ವರ್ಷಗಳ ಮಾತು. ಅಷ್ಟು ಕಾಲದಲ್ಲಿ ಬಿಸುಟ ಒಣಸೆಲ್ಲುಗಳು ತಿಪ್ಪೆ ಸೇರಿ, ತಿಪ್ಪೆಯ ಗೊಬ್ಬರದೊಡನೆ ಹೊಲ ಸೇರುವುದು ತಪ್ಪುತ್ತದೆ. ಕಡೆಗೆ ಕೆಟ್ಟ ಮರುಪೂರಣದ ಸೆಲ್ಲನ್ನೂ ಕಸಕ್ಕೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಸೆಲ್ಲುಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ನಗರದಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ತಮ್ಮಲ್ಲಿ ಅನೇಕರಿಗೆ ಆ ಸೀಮೆಯ ಹಳ್ಳಿಗಳಲ್ಲಿ ತಂದೆತಾಯಿಗಳೋ ಅಣ್ಣತಮ್ಮಂದಿರೋ ಇರಬಹುದು. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಸಿಹಿಯ ಪೊಟ್ಟಣದೊಡನೆ ನಾಲ್ಕು ಸೆಲ್ಲನ್ನೂ ಒಂದು ಒಳ್ಳೆಯ ಚಾರ್ಜರನ್ನೂ ಒಯ್ಯಿರಿ. ಕೊಟ್ಟು ಬಂದುಬಿಡಬೇಡಿ, ಮನೆಯ ಟಾರ್ಚನ್ನು ಬಿಚ್ಚಿ ಸುರುಳಿಯನ್ನು ಒರೆಸಿ, ಸೆಲ್ಲನ್ನು ಹಾಕಿ ಹೊತ್ತಿಸಿ ನೋಡಿ, ಚಾರ್ಜರಿಗೆ ಗೋಡೆಯ ಮೇಲೆ ಒಂದು ಜಾಗವನ್ನು ಗೊತ್ತುಮಾಡಿ, ಸಂತೆಯ ದಿನದ ಆ ಕೆಲಸವನ್ನು ಮನೆಯ ಹುಡುಗನಿಗೋ ಹುಡುಗಿಗೋ ಒಪ್ಪಿಸಿ ಬನ್ನಿ. ಆಮೇಲೆ ಊರಿಗೆ ಫೋನು ಮಾಡಿದಾಗಲೆಲ್ಲ ಮಳೆಬೆಳೆಯ ಸಮಾಚಾರದೊಡನೆ, ಈ ವಾರ ಸೆಲ್ಲು ಬದಲಾಯಿತೇ ಎಂದು ಒಂದು ಮಾತು ವಿಚಾರಿಸಿಕೊಳ್ಳಿ.